ಹಿಂದೆ ನಿಲ್ಲಲು ಒಂದು ಕ್ಯಾಮೆರಾ

ಅವ್ವಾ,

ದಿವಂಗತ ದಾದಾಸಾಹೇಬರ ಒಬ್ಬನೇ ಮಗನೂ, ಗಡಹಿಂಗ್ಲಜದ ಕಾಲೇಜಿನಲ್ಲಿ ಬಿ.ಎ. ಮುಗಿಸಿದ ಪದವೀಧರನೂ, ಇಚಲಕರಂಜಿಯಲ್ಲಿ ಮದುವೆ, ಸೀಮಂತ, ಗೃಹಪ್ರವೇಶಗಳ ವಿಡಿಯೋ ತೆಗೆದು ಹೊಟ್ಟೆ ಹೊರೆಯುವವನೂ ಆದ ಸಮ್ಮೇದನೆಂಬ ನಾನು, ಯಾರ ಒತ್ತಾಯವೂ ಇಲ್ಲದೆ, ಸ್ವಸ್ಥ ಬುದ್ಧಿಯಿಂದ (ಬುದ್ಧಿಯ ಬಗ್ಗೆ ನಿನಗೆ ಸಂಶಯವಿದ್ದರೆ ಆ ಶಬ್ದ ಹೊಡೆದುಹಾಕು), ನಿನ್ನೆದುರು ಈ ಅಪರಾಧವನ್ನು ಒಪ್ಪಿಕೊಳ್ಳುತ್ತಿದ್ದೇನೆ: ಚೌಕದ ಚಾಕು ಕದ್ದವನು ನಾನೇ.

ಹೌಸಾಬಾಯಿ ನಿರಪರಾಧಿ. ನೀನು ಆಕೆಯ ಮೇಲೆ ಬಾಯಿಬಿಟ್ಟು ಏನೂ ಹೇಳಿಲ್ಲ, ಹೇಳುವವಳೂ ಅಲ್ಲ. ಆದರೆ ನಿನ್ನೆ ಆಕೆ ಪಕ್ಕದ ಮನೆಯಿಂದ ಮಜ್ಜಿಗೆಗೆ ಬಂದಾಗ ‘ನಿಮ್ಮ ಮನ್ಯಾಗ ಚಾಕು ಎಷ್ಟ ಅದಾವ ಹೌಸಾಬಾಯಿ?’ ಎಂದು ಕೇಳಿದೆಯಲ್ಲ, ಅದು ಸಾದಾ ಪ್ರಶ್ನೆಯಲ್ಲ. ಪಾಪ, ಆಕೆ ನಿಜವಾಗಿ ಎಣಿಸತೊಡಗಿದಳು. ಮನೆ, ಮಗ, ಸೊಸೆ, ಕಪಾಟಿನ ಇಳಕಲ್ ಸೀರೆ ಎಲ್ಲವನ್ನೂ ಬಿಟ್ಟು ಹೊರಟ ನೀನು ಒಂದು ಚಾಕುವಿನ ಬೆನ್ನು ಬಿಡುತ್ತಿಲ್ಲವಲ್ಲ ಎಂದು ನಾನು ಬಾಗಿಲ ಮರೆಯಲ್ಲಿ ನಕ್ಕೆ. ಆಮೇಲೆ ನಗು ನಿಂತಿತು. ಮುನಿ ಮಹಾರಾಜರ ಆಹಾರಕ್ಕೆಂದೇ ಬೇರೆ ಇಟ್ಟಿರುವ ಮಡಿ ಅಡುಗೆಮನೆಯ ಚಾಕು ಅದು. ಅದರಿಂದ ಹಣ್ಣಲ್ಲದೆ ಬೇರೇನೂ ಹೆಚ್ಚಿದವರಿಲ್ಲ. ನಾನು ಅದರಿಂದ ಚಮಡಾ ಕತ್ತರಿಸಿದೆ. ಹೌದು, ಚಮಡಾ, ಚರ್ಮ. ನಮ್ಮ ಚೌಕದ ಹೊಸಲಿನೊಳಗೆ ಬೆಲ್ಟು, ಪಾಕೀಟು ಕೂಡ ಬರದ ಪದಾರ್ಥ. ಕತ್ತರಿಸಿದ ಮೇಲೆ ಚಾಕುವನ್ನು ವರ್ತಮಾನಪತ್ರದಲ್ಲಿ ಸುತ್ತಿಕೊಂಡು ಹೋಗಿ ಪಂಚಗಂಗೆಯ ಹೊಳೆಗೆ ಅರ್ಪಿಸಿ ಬಂದೆ. ಓದುವುದನ್ನು ಇಲ್ಲಿಗೇ ನಿಲ್ಲಿಸಬೇಡ. ಇದಕ್ಕೆಲ್ಲ ಒಂದು ಕ್ಯಾಮೆರಾ ಕಾರಣ, ಆ ಕ್ಯಾಮೆರಾಕ್ಕೆ ನೀನು ಕಾರಣ.

ನೀನು ಈಗ ಬಸದಿಗೆ ಹೋಗಿದ್ದೀ. ನಿನ್ನ ಸೊಸೆ ಋತುಜಾ ಮಹಡಿಯ ಮೇಲೆ ಒಂದು ಮದುವೆಯ ಎಡಿಟಿಂಗ್‌ಗೆ ಕೂತಿದ್ದಾಳೆ. ನಾನು ಮುಂದಿನ ಖೋಲಿಯಲ್ಲಿ, ಗೋಡೆಯಾಚೆ ಹೌಸಾಬಾಯಿಯ ಬಟ್ಟೆ ನೇಯುವ ಮಾಗಗಳು ಖಡಾಖಡಾ ಬಡಿಯುತ್ತಿರುವಾಗ, ಇದನ್ನು ಬರೆಯುತ್ತಿದ್ದೇನೆ. ಒಂದೇ ಮನೆಯಲ್ಲಿದ್ದು ಪತ್ರ ಬರೆಯುವವನಿಗೆ ಏನನ್ನುತ್ತಾರೋ ಅದನ್ನು ನೀನು ಅನ್ನು. ಆದರೆ ಭಾನುವಾರ ನಿನ್ನ ದೀಕ್ಷೆ ಆದ ಮೇಲೆ ‘ಅವ್ವಾ’ ಎಂದು ಶುರುವಾಗುವ ಪತ್ರ ಬರೆಯಲು ನನಗೆ ಬರುವುದಿಲ್ಲ. ಆಗ ನಿನಗೆ ಮಹಾರಾಜರು ಕೊಟ್ಟ ಹೊಸ ಹೆಸರು. ಬಿಳಿ ಸೀರೆ, ನವಿಲುಗರಿಯ ಪಿಂಛಿ, ಕಮಂಡಲು. ನಾನು ಊರವರ ಸಾಲಿನಲ್ಲಿ ನಿಂತು ‘ವಂದಾಮಿ ಮಾತಾಜಿ’ ಎನ್ನಬೇಕು. ನೀನು ಎಲ್ಲರಿಗೂ ಎತ್ತುವ ಕೈಯನ್ನೇ ನನಗೂ ಎತ್ತುತ್ತೀ. ಅಷ್ಟೇ.

ಮೊದಲ ಸಲ ನೀನು ದೀಕ್ಷೆಯ ಮಾತು ತೆಗೆದಾಗ ನಾನು ಕೇಳಿದ್ದು ನೆನಪಿದೆಯೇ? ‘ಇಲ್ಲೇ ಏನರ ಕಮ್ಮಿ ಆಗೈತೇನವ್ವ?’ ಎಂದೆ. ನೀನು ಶೇಂಗಾ ಸುಲಿಯುವುದನ್ನು ನಿಲ್ಲಿಸಲೇ ಇಲ್ಲ. ‘ಕಮ್ಮಿ ಆಗಿಲ್ಲೋ, ಅದಕ್ಕ ಹೊಂಟೇನಿ. ಕಮ್ಮಿ ಆಗಿದ್ರ ಇಲ್ಲೇ ಕೂತು ಜಗಳಾ ಮಾಡತಿದ್ದೆ’ ಅಂದೆ. ನಾಲ್ಕು ದಿನ ಉಪವಾಸ ಕೂತು ಹಟ ಮಾಡೋಣವೆಂದರೆ ಆ ವಿದ್ಯೆಯಲ್ಲೂ ನೀನೇ ನನಗಿಂತ ಮುಂದೆ.

ನನಗೆ ಹೆದರಿಕೆ ಎಲ್ಲಿದೆ ಎಂದು ಸರಿಯಾಗಿ ತೋರಿಸಿಬಿಡುತ್ತೇನೆ. ನಿನ್ನ ಕೂದಲನ್ನು ಕೈಯಿಂದ ಕೀಳುತ್ತಾರೆ, ಅದಕ್ಕೆ ಹೆದರಿಕೆ ಇದೆ. ಮೂರೂ ಕಾಲ ಬರಿಗಾಲಲ್ಲಿ ನಡೆಯುತ್ತೀ, ಅದಕ್ಕೂ ಇದೆ. ಆದರೆ ಎಲ್ಲಕ್ಕಿಂತ ದೊಡ್ಡ ಹೆದರಿಕೆ ಬೇರೆ. ದೀಕ್ಷೆಗೆ ಮುಂಚೆ ಮಹಾರಾಜರು ತುಂಬಿದ ಸಭೆಯಲ್ಲಿ ಮನೆಯವರನ್ನು ಕೇಳುತ್ತಾರೆ: ಇವರನ್ನು ಕಳಿಸಿಕೊಡಲು ನಿಮ್ಮ ಒಪ್ಪಿಗೆ ಇದೆಯೇ? ಆಗ ಮನೆಯ ಮಗ ಎದ್ದು, ವೇದಿಕೆ ಹತ್ತಿ, ಮೈಕಿನ ಮುಂದೆ ‘ಒಪ್ಪಿಗೆ ಐತ್ರಿ’ ಎನ್ನಬೇಕು. ಅವನು ಅನ್ನುವ ತನಕ ಮುಂದಿನದು ನಡೆಯುವುದಿಲ್ಲ. ನಿನ್ನನ್ನು ಕಳಿಸುವ ಬಾಗಿಲಿನ ಚಿಲಕ ತೆಗೆಯುವವನು ನಾನು. ದೀಕ್ಷೆ ನಿನಗೆ, ಪರೀಕ್ಷೆ ನನಗೆ. ಪ್ರಶ್ನೆಪತ್ರಿಕೆ ಮೊದಲೇ ಗೊತ್ತಿದ್ದು, ಉತ್ತರವೂ ಗೊತ್ತಿದ್ದು, ನಪಾಸಾಗುವ ಭಯವಿರುವ ಪರೀಕ್ಷೆ ಇದೊಂದೇ ಇರಬೇಕು.

ಇಂಥ ಹೊತ್ತಿನಲ್ಲೇ ನಮ್ಮ ಹಳೆಯ ಕ್ಯಾಮೆರಾ ನೇಸರಿ ಊರಿನ ಮದುವೆಯೊಂದರಲ್ಲಿ, ಸರಿಯಾಗಿ ಅಕ್ಷತೆ ಬೀಳುವಾಗ, ಕಣ್ಣು ಮುಚ್ಚಿತು. ಮದುಮಗನ ತಂದೆ ಬೈಯಲಿಲ್ಲ. ಅಂದಿನಿಂದ ದಿನಾ ಬೆಳಿಗ್ಗೆ ನನ್ನ ಫೋನಿಗೆ ಒಂದು ಗುಲಾಬಿ ಹೂವಿನ ‘ಶುಭೋದಯ’ ಕಳಿಸುತ್ತಾರೆ. ಬೈದಿದ್ದರೆ ಆರಾಮವಾಗಿ ನಿದ್ದೆ ಮಾಡುತ್ತಿದ್ದೆ. ಅದೇ ವಾರ ನೀನು ದೀಕ್ಷೆಯ ಏರ್ಪಾಟು ನೋಡುವ ಸಂಘದವರೆದುರು ಹೇಳಿಬಿಟ್ಟೆ: ‘ಶೂಟಿಂಗಿಗೆ ಹೊರಗಿನವರು ಬ್ಯಾಡ, ನಮ್ಮ ಸಮ್ಯಾನ ಮಾಡ್ಲಿ.’ ಅಹಿಂಸೆಯ ಮನೆತನದಲ್ಲಿ ಹುಟ್ಟಿ ಶೂಟಿಂಗ್ ಮಾಡಿ ಬದುಕುತ್ತೀಯಲ್ಲೋ ಎಂದು ಅಪ್ಪ ಕಾಡುತ್ತಿದ್ದರಲ್ಲ, ಅವರಿದ್ದಿದ್ದರೆ ಅಂದು ಹೊಟ್ಟೆ ಹಿಡಿದು ನಗುತ್ತಿದ್ದರು. ನಾನು ನಗಲಿಲ್ಲ. ಆದರೆ ಕತ್ತಲಲ್ಲಿ ಒಂದು ಕಿಡಕಿ ತೆರೆದ ಹಾಗಾಯಿತು. ಶೂಟಿಂಗ್ ಮಾಡುವವನು ಕ್ಯಾಮೆರಾದ ಹಿಂದಿರುತ್ತಾನೆ. ಹಿಂದಿರುವವನನ್ನು ಮುಂದೆ ಬಾ ಎಂದು ಯಾರು ಕರೆಯುತ್ತಾರೆ?

ಹೀಗೆ ನಾನೂ ಋತುಜಾಳೂ ಕೊಲ್ಹಾಪುರಕ್ಕೆ ಕ್ಯಾಮೆರಾ ನೋಡಲು ಹೋದೆವು. ಕನ್ಯೆ ನೋಡಲು ಹೋದ ಹಾಗೇ ಇತ್ತು. ಅಂಗಡಿಯ ಅವಧೂತ ಗಡಿಯ ನೂಲ ಊರಿನವನು, ಕನ್ನಡದಲ್ಲಿ ಶುರುಮಾಡಿ ಮರಾಠಿಯಲ್ಲಿ ಮುಗಿಸುತ್ತಾನೆ. ‘ಸಾಹೇಬ್ರ, ನಿಮ್ಮ ಧಂದೇಕ ಸಿನಿಮಾದವರ ಮಾಲು ಬ್ಯಾಡ, ಯೂಟ್ಯೂಬ್ ಪೋರಗೋಳ ಮಾಲೂ ಬ್ಯಾಡ. ನಡುವಿನದು ತಗೋರಿ. ನಡುವಿನ ಮಂದಿ ಭಾಳ ದಿನಾ ಬಾಳತಾರ’ ಎಂದು ಚಹಾ ತರಿಸಿ, ಎರಡನ್ನು ಮೇಜಿನ ಮೇಲಿಟ್ಟ. ಕಂಪನಿಯ ಹೆಸರು, ನಂಬರು ನಿನಗೇಕೆ. ನಾವು ಅವಕ್ಕೆ ಅಲ್ಲೇ ಹೆಸರಿಟ್ಟೆವು: ದೊಡ್ಡದಕ್ಕೆ ಥೋರಲಿ, ಸಣ್ಣದಕ್ಕೆ ಧಾಕಟಿ. ಅಕ್ಕ, ತಂಗಿ.

ಥೋರಲಿಯ ಸೆನ್ಸರ್ ದೊಡ್ಡದು. ಅಂದರೆ ಬೆಳಕು ಕಡಿಮೆಯಿದ್ದರೂ ಮುಖ ಹಾಲಿನಲ್ಲಿ ತೊಳೆದ ಹಾಗೆ ಬರುತ್ತದೆ, ಹಿಂದಿನ ಗೋಡೆ, ಹಂದರ, ನೆಂಟರು ಎಲ್ಲ ಕರಗಿ ಮಂಜಾಗುತ್ತದೆ. (ಕೆಲವು ನೆಂಟರ ಮಟ್ಟಿಗೆ ಇದು ದೊಡ್ಡ ಉಪಕಾರ.) ಆದರೆ ಆಕೆಗೆ ಲೆನ್ಸ್ ಬದಲಿಸುತ್ತಿರಬೇಕು, ಫೋಕಸ್ ಕೈಯಿಂದ ಹಿಡಿಯಬೇಕು, ಒಂದು ಗಳಿಗೆ ಬಿಟ್ಟು ಹೋಗುವ ಹಾಗಿಲ್ಲ. ಧಾಕಟಿಯ ಸೆನ್ಸರ್ ಚಿಕ್ಕದು, ಲೆನ್ಸ್ ಮೈಗೇ ಅಂಟಿಕೊಂಡದ್ದು, ಆದರೆ ಝೂಮ್ ಉದ್ದ: ಮಂಟಪದ ಕೊನೆಯಿಂದ ವೇದಿಕೆಯ ಮೇಲಿನವರ ಕಣ್ರೆಪ್ಪೆ ಕಾಣುತ್ತದೆ. ಎರಡು ಮೈಕು ಚುಚ್ಚಬಹುದು, ಎರಡು ಕಾರ್ಡಿನಲ್ಲಿ ಒಟ್ಟಿಗೆ ತುಂಬುತ್ತದೆ, ಒಂದು ಕೆಟ್ಟರೆ ಇನ್ನೊಂದಿದೆ. ಮುಖವೊಂದನ್ನು ತೋರಿಸಿ ಗುರುತು ಮಾಡಿಕೊಟ್ಟರೆ ಸ್ಟ್ಯಾಂಡಿನ ಮೇಲೆ ತಾನೇ ನಿಂತು ಆ ಮುಖದ ಫೋಕಸ್ ಬಿಡುವುದಿಲ್ಲ. ತೆಗೆಯುವವನು ಊಟಕ್ಕೆ ಹೋಗಿ ಬರಬಹುದು.

ಬುದ್ಧಿಯಿದ್ದವನು ಒಂದೂವರೆ ಚಹಾದಲ್ಲಿ ಧಾಕಟಿಯನ್ನು ಒಪ್ಪುತ್ತಿದ್ದ. ಮದುವೆಯ ಧಂದೆಗೆ, ಇಬ್ಬರೇ ಕೆಲಸ ಮಾಡುವ ಕಂಪನಿಗೆ, ಅದೇ ಸರಿ. ನಾನು ಥೋರಲಿಯ ಪರ ವಕೀಲನಾಗಿ ನಿಂತೆ. ಕಲೆ ಅಂದೆ, ಬಣ್ಣದ ಆಳ ಅಂದೆ, ಮುಂದಿನ ಕಾಲ ಅಂದೆ. ಋತುಜಾ ಚಹಾದ ಕಪ್ಪು ಕೆಳಗಿಟ್ಟು, ಅವಧೂತನಿಗೆ ಕೇಳಿಸದ ಹಾಗೆ, ‘ನಿಮಗ ದೊಡ್ಡದು ಯಾಕ ಬೇಕಾಗೈತಿ ನನಗ ಗೊತ್ತೈತ್ರಿ. ಅಡಗಾಕ ಜಾಗಾ ಆಗ್ಲಿ ಅಂತ’ ಅಂದಳು. ನಿನ್ನ ಸೊಸೆಯ ಸೆನ್ಸರ್ ಎಲ್ಲಕ್ಕಿಂತ ದೊಡ್ಡದು. ಕತ್ತಲಲ್ಲೂ ಕಾಣುತ್ತದೆ.

ಆಗ ನನ್ನ ಕೈಹಿಡಿದವನು ಅವಧೂತ. ಧಾಕಟಿಯ ಪಕ್ಕದಲ್ಲಿ ಕೈ ತೂರಿಸಿ ಹಿಡಿಯುವ ಪಟ್ಟಿಯೊಂದಿದೆ. ಋತುಜಾ ಅದನ್ನು ಮುಟ್ಟಿ ನೋಡುತ್ತಿದ್ದಂತೆ ಅವನು ಹೆಮ್ಮೆಯಿಂದ, ‘ಅಸಲೀ ಲೆದರ್ ಅಕ್ಕಾ, ಬೇಕಾರ ವಾಸ ತಗೊಂಡ ನೋಡ್ರಿ’ ಅಂದ. ಅವಳು ಕೆಂಡ ಮುಟ್ಟಿದವಳಂತೆ ಕೈ ಎಳೆದುಕೊಂಡಳು. ನಾನು ಒಳಗೊಳಗೇ ಕುಣಿದೆ. ‘ನಮ್ಮ ಅವ್ವ ನಾಳೆ ಮಾತಾಜಿ ಆಗಾಕಿ. ಚೌಕದ ಹತ್ರ ಚಮಡಾ ನಡ್ಯಾಂಗಿಲ್ಲ. ಧಾಕಟಿ ಬ್ಯಾಡ’ ಎಂದು ತೀರ್ಪು ಕೊಟ್ಟೆ. ಅಪ್ಪನಂತೆ ಬಸದಿಗೆ ವರ್ಷಕ್ಕೊಮ್ಮೆ ಹೋಗುವವನಿಗೆ ಆ ಗಳಿಗೆಯಲ್ಲಿ ಬಂದ ಧರ್ಮಶ್ರದ್ಧೆ ನೋಡಬೇಕಿತ್ತು ನೀನು. ಮಾಲು ಮಾರಲು ಕೂತ ಅವಧೂತ ಬಿಡಲಿಲ್ಲ. ಎರಡನ್ನೂ ಮನೆಗೆ ಒಯ್ದು ವಾಪರಿಸಿ ನೋಡಿರೆಂದು ಕಟ್ಟಿಕೊಟ್ಟ. ‘ಒಂದ ಗೀರು ಬಿದ್ರೂ ಮಾಲು ನಿಮ್ಮದ’ ಎಂದು ಮಾತ್ರ ನಗುತ್ತ ಹೇಳಿದ.

ಮಹಾರಾಜರಿಗೆ ನಮ್ಮ ಮನೆಯಲ್ಲಿ ಆಹಾರವಾದ ದಿನ ಥೋರಲಿಯ ಪರೀಕ್ಷೆ. ಆಕೆಯ ಹೊಟ್ಟೆಯಲ್ಲಿ ಒಂದು ಪುಟ್ಟ ಫ್ಯಾನ್ ಇದೆ, ಮೈ ಬಿಸಿಯಾದರೆ ತಂಪು ಮಾಡಲು. ಅದು ಸದ್ದು ಮಾಡುತ್ತದೋ ಹೇಗೆ ಎಂದು ಮುನ್ನಾದಿನವೇ ಪರೀಕ್ಷಿಸಿದ್ದೆ. ಎಲ್ಲಿ? ಇದೇ ಖೋಲಿಯಲ್ಲಿ. ಕಿವಿ ಹಚ್ಚಿ ಕೇಳಿದೆ, ಏನೂ ಕೇಳಿಸಲಿಲ್ಲ. ‘ಅಗದೀ ಸುಮ್ಮಕ ಐತಿ’ ಎಂದು ಋತುಜಾಳಿಗೆ ಹೇಳಿ ಮೀಸೆ ತೀಡಿಕೊಂಡೆ. ಗೋಡೆಯಾಚೆ ಹೌಸಾಬಾಯಿಯ ಮಾಗಗಳು ಓಡುತ್ತಿದ್ದವು ಎಂಬುದು ನನ್ನ ತಲೆಗೇ ಬರಲಿಲ್ಲ. ಇಚಲಕರಂಜಿಯಲ್ಲಿ ಹುಟ್ಟಿ ಬೆಳೆದವನಿಗೆ ಮಾಗದ ಸದ್ದು ಸದ್ದೇ ಅಲ್ಲ. ತೊಟ್ಟಿಲಲ್ಲಿ ನನಗೆ ಜೋಗುಳ ಹಾಡಿದ್ದು ಅರ್ಧ ನೀನು, ಅರ್ಧ ಆ ಮಾಗಗಳು.

ಮರುದಿನ ಬೆಳಿಗ್ಗೆ ಮಹಾರಾಜರು ನಮ್ಮ ಬಾಗಿಲ ಮುಂದೆ ನಿಂತರು. ಇಂಥದ್ದು ಕಂಡ ಮನೆಯಲ್ಲೇ ಆಹಾರವೆಂದು ಅವರು ಮನಸ್ಸಿನಲ್ಲಿ ಏನು ಸಂಕಲ್ಪ ಮಾಡಿ ಹೊರಟಿದ್ದರೋ, ನಿನ್ನ ಕೈಯ ಕಲಶ, ತೆಂಗಿನಕಾಯಿಗೆ ಅದು ಕೂಡಿತು. ‘ಅತ್ರ ತಿಷ್ಠ, ತಿಷ್ಠ’ ಎಂದು ಕರೆಯುವಾಗ ನಿನ್ನ ದನಿ ಹುಡುಗಿಯ ದನಿಯಾಗಿತ್ತು. ಪಾದ ತೊಳೆದದ್ದಾಯಿತು, ಪೂಜೆಯಾಯಿತು. ಅವರು ಹಲಗೆಯ ಮೇಲೆ ನಿಂತು ಬೊಗಸೆ ಜೋಡಿಸಿದರು. ಇಡೀ ದಿನಕ್ಕೆ ಅದೊಂದೇ ಹೊತ್ತು, ನೀರೂ ಆಗಲೇ. ನಡುವೆ ಹುಳವೋ, ಕೂದಲೋ, ಏನಾದರೂ ಅಂತರಾಯ ಬಂದರೆ ಬೊಗಸೆ ಬಿಟ್ಟು ಹೊರಟುಬಿಡುತ್ತಾರೆ. ಮರುದಿನದ ತನಕ ಹನಿ ನೀರಿಲ್ಲ. ನಾನು ಬಿಳಿ ಧೋತರ ಉಟ್ಟು ಹೊಸಲಿನಾಚೆ ಥೋರಲಿಯನ್ನು ಹಿಡಿದು ನಿಂತಿದ್ದೆ. ಮುಖಗಳು ಹಾಲಿನಲ್ಲಿ ತೊಳೆದ ಹಾಗೆ ಬರುತ್ತಿದ್ದವು.

ಆಗ ಹೌಸಾಬಾಯಿ ಒಂದು ದೊಡ್ಡ ಪುಣ್ಯದ ಕೆಲಸ ಮಾಡಿದಳು. ಮಹಾರಾಜರ ಆಹಾರ ಆಗುವ ತನಕ ತನ್ನ ಮಾಗ ಬಂದ್ ಮಾಡಿಸಿದಳು. ಆಕೆಯನ್ನು ನೋಡಿ ಇಡೀ ಓಣಿ ಬಂದ್ ಮಾಡಿತು. ಅವ್ವಾ, ನಮ್ಮ ಓಣಿ ಹಾಗೆ ಸುಮ್ಮನಾದದ್ದನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಮಹಾರಾಜರ ಬೊಗಸೆಗೆ ಬಿಸಿನೀರು ಬೀಳುವುದು ಕೇಳಿಸಿತು. ಆ ಮೇಲೆ ನನ್ನ ಎದೆಯ ಹತ್ತಿರದಿಂದ, ಗುಂಯ್ ಎಂದು, ಥೋರಲಿ.

ಮೊದಲು ತಲೆ ಎತ್ತಿದವರು ಬಸದಿಯ ಪಂಡಿತರು. ‘ಹುಳಾ ಏನ್ರಿ?’ ಎಂದು ಪಿಸುಗುಟ್ಟಿದರು. ಕಣಜ ಇರಬೇಕೆಂದು ಒಬ್ಬರು ಸೂರು ನೋಡಿದರು, ಜೇನು ಇರಬೇಕೆಂದು ಇನ್ನೊಬ್ಬರು ಬೆಲ್ಲದ ಪಾತ್ರೆಯ ಕಡೆ ನೋಡಿದರು. ಕಾಲ ಕೆಳಗೆ ಬಂದೀತೆಂದು ಯಾರೂ ಹೆಜ್ಜೆ ಇಡಲೊಲ್ಲರು. ಮಹಾರಾಜರ ಬೊಗಸೆ ಬಾಯಿಯ ಹತ್ತಿರ ಹೋಗದೆ ಅರ್ಧಕ್ಕೆ ನಿಂತಿತು. ಬಂದ್ ಮಾಡೋಣವೆಂದರೆ ಥೋರಲಿ ಬಂದ್ ಆಗುವಾಗ ‘ಟಿಣ್’ ಎಂದು ಘಂಟೆ ಬಾರಿಸುತ್ತಾಳೆ. ನನ್ನಿಂದ ಒಬ್ಬ ತಪಸ್ವಿ ಉಪವಾಸ ಬೀಳುತ್ತಾರೆ, ನಿನ್ನ ಕೈಯ ಕೊನೆಯ ಆಹಾರದಾನ ನನ್ನಿಂದ ಮಣ್ಣಾಗುತ್ತದೆ. ಆಗ ನಾನು ನಿನ್ನನ್ನು ನೋಡಿದೆ. ನೀನು ಸೂರು ನೋಡುತ್ತಿರಲಿಲ್ಲ, ಬೆಲ್ಲ ನೋಡುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದ ನಿನ್ನ ಕಣ್ಣಿನಲ್ಲಿ ಹೆದರಿಕೆ ಇತ್ತು. ಅಪ್ಪ ಹೋದಾಗಲೂ ಅಲ್ಲಿ ನಾನದನ್ನು ಕಂಡಿರಲಿಲ್ಲ.

ಥೋರಲಿಯನ್ನು ಉತ್ತರೀಯದಲ್ಲಿ ಸುತ್ತಿ, ಹಸುಗೂಸನ್ನು ಎತ್ತಿಕೊಂಡವನಂತೆ ಎದೆಗೊತ್ತಿಕೊಂಡು, ಹಿಂದೆ ಹಿಂದೆ ಹೆಜ್ಜೆಯಿಟ್ಟು ಓಣಿಗೆ ಓಡಿದೆ. ತಿರುವಿನ ತನಕ ಓಡಿದೆ. ನಿಂತ ಮಾಗಗಳ ಮುಂದೆ ಕೂತ ಮಂದಿಯೆಲ್ಲ ನೋಡಿದರು. ಹಿಂದಿರುಗಿದಾಗ ಆಹಾರ ಮುಗಿದಿತ್ತು, ನಿರ್ವಿಘ್ನವಾಗಿ. ಮಹಾರಾಜರು ಹೊರಡುವಾಗ ನನ್ನ ಕಡೆ ನೋಡಿ ನಕ್ಕರೆಂದು ಋತುಜಾ ಹೇಳುತ್ತಾಳೆ. ನಾನು ತಲೆ ಎತ್ತಿರಲಿಲ್ಲ.

ಅವತ್ತು ಮಧ್ಯಾಹ್ನ ನೀನು ನನ್ನನ್ನು ಕರೆದು ಎದುರಿಗೆ ಕೂರಿಸಿಕೊಂಡೆ. ಬೈಗಳಕ್ಕೆ ತಯಾರಾಗಿ ಬಂದಿದ್ದೆ. ನೀನು ಕೇಳಿದ್ದು ಇಷ್ಟೇ: ‘ಆ ದೊಡ್ಡದಕ್ಕ ಯಾವತ್ತೂ ಒಬ್ಬಾವ ಹಿಂದ ನಿಂದರಬೇಕೇನು?’ ಹೌದವ್ವ ಅಂದೆ. ‘ಸಣ್ಣದಕ್ಕ?’ ‘ಅದು ತಾನ ನಿಂದರತೈತಿ.’ ‘ಹಂಗಾರ ಸಣ್ಣದು ತಗೋ. ನೀ ಖಾಲಿ ಇರ್ತಿ.’ ನಾನು ಸೆನ್ಸರಿನ ಮಾತು ತೆಗೆದೆ. ನೀನು ಕೈಯಾಡಿಸಿ ನೊಣ ಹಾರಿಸಿದ ಹಾಗೆ ಸೆನ್ಸರನ್ನು ಹಾರಿಸಿದೆ. ವೇದಿಕೆಗೆ ಋತುಜಾ ಹತ್ತುತ್ತಾಳೆ, ಆಕೆಯೇ ಹೇಳಲಿ ಎಂದೆ. ‘ಅತ್ತಿ ಹೋಗಾಕ ಸೊಸಿ ಹೂಂ ಅನ್ನೂದೇನ ದೊಡ್ಡ ಕೆಲಸ ಅಲ್ಲ. ಮಗಾ ಅನ್ಲಿ.’ ಒಳಗಿಂದ ಋತುಜಾ ‘ಕೇಳಸ್ತೈತ್ರಿ’ ಅಂದಳು. ನೀನು ನಕ್ಕೆ. ಆಮೇಲೆ ದನಿ ಇಳಿಸಿ, ‘ನೀ ಹೂಂ ಅನ್ನಲಿಲ್ಲ ಅಂದ್ರ ನಾ ಹೋಗಾಂಗಿಲ್ಲೋ ಸಮ್ಯಾ. ಇಲ್ಲೇ ಇರ್ತೇನಿ. ಆದ್ರ ಇದ್ದು ಏನ ಮಾಡ್ಲಿ?’ ಎಂದೆ.

ಆ ಮಾತಿಗಿಂತ ಬೈಗಳ ಚಲೋ ಇತ್ತು. ಬಾಗಿಲು ಮುಚ್ಚುವ ಅಧಿಕಾರ ಪೂರ್ತಿ ನನ್ನ ಕೈಗೆ ಕೊಟ್ಟುಬಿಟ್ಟೆ. ಒಂದೇ ಒಂದು ಸಲ ಸುಮ್ಮನಿದ್ದರೆ ಸಾಕು, ನೀನು ಮನೆಯಲ್ಲಿರುತ್ತೀ. ಬೆಳಿಗ್ಗೆ ಚಹಾ ಮಾಡುತ್ತೀ, ಸಂಜೆ ಕಟ್ಟೆಯ ಮೇಲೆ ಕೂರುತ್ತೀ, ನಾನು ಜೋಕು ಹೇಳಿದರೆ ನಗುತ್ತೀ. ಆದರೆ ಆ ನಗುವಿನ ಹಿಂದೆ ಯಾರೂ ಇರುವುದಿಲ್ಲ. ಇದನ್ನು ಯೋಚಿಸಿದಾಗ ನನಗೆ ನಿನ್ನ ಹೋಗುವಿಕೆಯಷ್ಟೇ ನಿನ್ನ ಉಳಿಯುವಿಕೆಯೂ ಹೆದರಿಕೆ ಹುಟ್ಟಿಸಿತು. ಎರಡೂ ಕಡೆ ಹೆದರಿಕೆಯಿದ್ದರೆ ಮನುಷ್ಯ ಕೈಗೆ ಸಿಕ್ಕ ಕೆಲಸ ಮಾಡುತ್ತಾನೆ. ನಾನು ಧಾಕಟಿಯನ್ನು ಎತ್ತಿಕೊಂಡೆ. ಚಮಡಾದ ಪಟ್ಟಿ ಇರುವ ತನಕ ಅದನ್ನು ನಿನ್ನ ಹತ್ತಿರ ತರುವ ಹಾಗಿಲ್ಲ. ಕತ್ತರಿ ಸಿಗಲಿಲ್ಲ. ಕೈಗೆ ಸಿಕ್ಕ ಚಾಕು ಯಾವುದು ಎಂದು ನೋಡಿದ್ದು ಕತ್ತರಿಸಿದ ಮೇಲೆ. ಇಷ್ಟು ನನ್ನ ಅಪರಾಧದ ಸಮಗ್ರ ವರದಿ.

ಪಟ್ಟಿ ಕಳಚಿದ ಧಾಕಟಿಯನ್ನು ನಿನ್ನೆದುರು ಸ್ಟ್ಯಾಂಡಿನ ಮೇಲೆ ನಿಲ್ಲಿಸಿದಾಗ ನೀನು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದೆ. ಪರದೆಯ ಮೇಲೆ ನಿನ್ನ ಮುಖದ ಸುತ್ತ ಚೌಕಟ್ಟೊಂದು ಮೂಡಿತು. ‘ಇದೇನೋ, ನನ್ನ ಮೋತಿ ಸುತ್ತ ಪೆಟಗಿ?’ ಎಂದು ನೀನು ಕೇಳಿದೆ. ಗುರುತು ಹಿಡಿಯುತ್ತಿದೆ ಎಂದೆ ನಾನು. ‘ಕೂದಲಾ ಹೋದಮ್ಯಾಲೂ ಹಿಡೀತೈತೇನು?’ ಗೊತ್ತಿಲ್ಲವ್ವ ಎಂದೆ. ನೀನು ಮೊರ ಬದಿಗಿಟ್ಟು, ಸೆರಗನ್ನು ಹಣೆಯ ತನಕ ಎಳೆದು, ಒಂದು ಕೂದಲೂ ಕಾಣದ ಹಾಗೆ ಬಿಗಿದು ಕೂತೆ, ಪರೀಕ್ಷೆಗೆ. ಚೌಕಟ್ಟು ಮಾಯವಾಯಿತು. ಆಮೇಲೆ ತಡವರಿಸುತ್ತ ಬಂತು, ನಿನ್ನ ಮುಖವನ್ನು ಹಿಡಿಯಿತು. ‘ಶ್ಯಾಣೇ ಐತಿ ಬಿಡು’ ಎಂದು ನೀನು ಮತ್ತೆ ಮೊರ ಎತ್ತಿಕೊಂಡೆ. ಕೇಳಬೇಕೆಂದಿದ್ದ ಮಾತು ನನ್ನ ನಾಲಗೆಯ ತುದಿಯಲ್ಲಿತ್ತು: ಈ ಯಂತ್ರ ನಿನ್ನ ಗುರುತು ಹಿಡಿಯುತ್ತದೆ, ನೀನು ನನ್ನ ಗುರುತು ಹಿಡಿಯುತ್ತೀಯಾ? ಕೇಳಲಿಲ್ಲ. ಝೂಮ್ ಮಾಡಿದೆ. ನಿನ್ನ ಬೆರಳು ಕಲ್ಲನ್ನು ಹುಡುಕಿ ಎತ್ತಿ ಪಕ್ಕಕ್ಕಿಡುವುದು ಪರದೆಯ ತುಂಬ ಬಂತು.

ಪಟ್ಟಿ ಕತ್ತರಿಸಿದ ಮೇಲೆ ಮಾಲು ನಮ್ಮದೇ ಆಯಿತಲ್ಲ, ಅವಧೂತನಿಗೆ ಸುದ್ದಿ ಮುಟ್ಟಿಸಲು ಥೋರಲಿಯನ್ನು ವಾಪಸು ಕೊಡುವ ನೆಪದಲ್ಲಿ ಕೊಲ್ಹಾಪುರಕ್ಕೆ ಹೋದೆ. ಕತ್ತರಿಸಿದ ತುಂಡನ್ನು ಪ್ಲಾಸ್ಟಿಕ್ ಚೀಲದಲ್ಲಿ, ತುದಿಬೆರಳಲ್ಲಿ ಹಿಡಿದು ಒಯ್ದು ಅವನ ಮೇಜಿನ ಮೇಲಿಟ್ಟೆ. ಅವನು ಅದನ್ನೂ ನನ್ನನ್ನೂ ನೋಡಿ, ಹಣೆ ಬಡಿದುಕೊಂಡು, ‘ಅಹೋ ಸಾಹೇಬ, ಹೇ ಲೆದರ್ ನಾಹೀಚ್. ರೆಕ್ಸಿನ್ ಐತ್ರಿ. ಎಲ್ಲಾ ಗಿರಾಕಿಗೂ ಲೆದರ್ ಅಂತೇನಿ, ಖುಷಿ ಆಗ್ತಾರ’ ಅಂದ. ಅಂದರೆ ಅವ್ವಾ, ಚಮಡಾ ಇರಲೇ ಇಲ್ಲ. ಚಾಕು ಮೈಲಿಗೆಯಾಗಿರಲಿಲ್ಲ. ಒಂದು ನಿಷ್ಪಾಪ ಚಾಕು ವಿನಾಕಾರಣ ಜಲಸಮಾಧಿಯಾಗಿದೆ. ಅದರ ಪಾಪವನ್ನೂ ನನ್ನ ಲೆಕ್ಕಕ್ಕೇ ಬರೆದುಕೋ. ಹೌಸಾಬಾಯಿಗೆ ಮಾತ್ರ ಇವತ್ತು ಮಜ್ಜಿಗೆ ಕೊಡುವಾಗ ಒಂದು ಲೋಟ ಹೆಚ್ಚು ಹಾಕು.

ಧಾಕಟಿ ಈಗ ನಮ್ಮ ಮನೆಯವಳು. ಕೈಪಟ್ಟಿಯ ಜಾಗದಲ್ಲಿ ಋತುಜಾ ಹತ್ತಿಯ ಪಟ್ಟಿ ಹೊಲಿದುಕೊಟ್ಟಿದ್ದಾಳೆ. ನಾಂದಣಿ ರಸ್ತೆಯ ಮೈದಾನದಲ್ಲಿ ದೀಕ್ಷೆಯ ಹಂದರ ಏಳುತ್ತಿದೆ, ನಿನ್ನೆ ಹೋಗಿ ಜಾಗ ನೋಡಿ ಬಂದೆ. ಸ್ಟ್ಯಾಂಡನ್ನು ವೇದಿಕೆಗೆ ನೇರ ಎದುರಿಗೆ ಹಾಕುತ್ತೇನೆ. ನಿನ್ನ ಮುಖದ ಗುರುತು ಅದರೊಳಗಿದೆ, ಎರಡು ಕಾರ್ಡಿನಲ್ಲಿ ತುಂಬುತ್ತದೆ, ಯಾವುದೂ ಕಳೆಯುವುದಿಲ್ಲ. ಹಿಂದೆ ಯಾರೂ ನಿಲ್ಲಬೇಕಿಲ್ಲ.

ಆದ್ದರಿಂದ ಇದೋ ಕೇಳು, ಬರೆದು ಕೊಡುತ್ತಿದ್ದೇನೆ. ಊರಿನ ಅರ್ಧ ಹೆಣ್ಣುಮಕ್ಕಳ ವಿದಾಯದ ವಿಡಿಯೋ ತೆಗೆದವನು ನಾನು. ಅವರ ಅಪ್ಪಂದಿರು ಕಂಬ ಹಿಡಿದು ಅತ್ತಾಗ ನನ್ನ ಕೈ ಒಂದು ಕೂದಲಿನಷ್ಟೂ ಅಲುಗಿಲ್ಲ. ಭಾನುವಾರವೂ ಅಲುಗುವುದಿಲ್ಲ. ಮಹಾರಾಜರು ಕೇಳಿದ ಕೂಡಲೇ ಏಳುತ್ತೇನೆ, ಮೆಟ್ಟಿಲು ಹತ್ತುತ್ತೇನೆ, ಮೈಕು ಹಿಡಿಯುತ್ತೇನೆ. ಹಿಂದಿನ ಸಾಲಿನ ಮುದುಕರಿಗೂ ಕೇಳಿಸುವ ದನಿಯಲ್ಲಿ ಹೇಳುತ್ತೇನೆ. ನೀನು ನನ್ನನ್ನು ನೋಡಿ ಹೆದರುವ ಪ್ರಸಂಗ ಇನ್ನೊಮ್ಮೆ ಬರುವುದಿಲ್ಲ. ಇದು ದಾದಾಸಾಹೇಬರ ಮಗನ ಮಾತು.

ಮಕ್ಕಳು ತಾಯಿಯನ್ನು ಹರಸುವ ಪದ್ಧತಿ ನಮ್ಮಲ್ಲಿಲ್ಲ. ಆದರೂ ಹರಸುತ್ತೇನೆ, ಆಮೇಲೆ ಇಂಥ ಸಲಿಗೆ ನಡೆಯುವುದಿಲ್ಲ. ನೀನು ನಡೆಯುವ ರಸ್ತೆಗಳಲ್ಲಿ ಡಾಂಬರು ಹೆಚ್ಚು ಕಾಯದಿರಲಿ. ನಿನ್ನ ಬೊಗಸೆಗೆ ಬೀಳುವ ನೀರಿಗೆ ಅಂತರಾಯ ಬಾರದಿರಲಿ. ಹೋದ ಹೋದ ಊರಿನಲ್ಲಿ ನಿನ್ನನ್ನು ನಗಿಸುವವರು ಒಬ್ಬರಾದರೂ ಸಿಗಲಿ, ನನಗಿಂತ ಸ್ವಲ್ಪ ಕಡಿಮೆ ನಗಿಸಲಿ.

ಭಾನುವಾರದ ತನಕ ನಿನ್ನ,
ಸಮ್ಯಾ

ತಾ. ಕ.: ಸಹಿ ಮಾಡಿದ ಮೇಲೆ ಒಮ್ಮೆ ಅಭ್ಯಾಸ ಮಾಡಿಬಿಡೋಣವೆಂದು ಅಂಗಳದಲ್ಲಿ ಧಾಕಟಿಯನ್ನು ಚಾಲೂ ಮಾಡಿ, ಎದುರಿಗೆ ಹೋಗಿ ನಿಂತು, ಆ ಎರಡು ಶಬ್ದ ಹೇಳಿದೆ. ಸಾಕಷ್ಟು ಸಲ ಹೇಳಿದೆನೆಂದೇ ತಿಳಿದಿದ್ದೆ. ಈಗ ಹಾಕಿ ನೋಡಿದೆ. ಪ್ರತಿಸಲವೂ ನಾನು ಬಂದು ನಿಲ್ಲುತ್ತೇನೆ, ಬಾಯಿ ತೆರೆಯುತ್ತೇನೆ, ಆಮೇಲೆ ರೆಕಾರ್ಡ್ ಆಗುತ್ತಿದೆಯೋ ಇಲ್ಲವೋ ನೋಡಿ ಬರುತ್ತೇನೆಂದು ಕ್ಯಾಮೆರಾದ ಹಿಂದೆ ಹೋಗಿಬಿಡುತ್ತೇನೆ. ಆಗುತ್ತಿದೆ. ಖಾಲಿ ಅಂಗಳ ಅತ್ಯಂತ ಸ್ಪಷ್ಟವಾಗಿ ಬಂದಿದೆ. ‘ಒಪ್ಪಿಗೆ’ ಎಂಬ ಶಬ್ದ ಎಲ್ಲಿಯೂ ಇಲ್ಲ. ಹಿಂದಿನಿಂದ ಯಾರೋ ಮೂಗು ಸೀಟುವುದು ಮಾತ್ರ ಎರಡೂ ಮೈಕಿನಲ್ಲಿ ಕೇಳುತ್ತದೆ. ಆದ್ದರಿಂದ ಅವ್ವಾ, ಭಾನುವಾರ ನಾನು ವೇದಿಕೆ ಹತ್ತಿ ನಿನ್ನ ಪಕ್ಕಕ್ಕೆ ಬಂದಾಗ, ಯಾರಿಗೂ ಕಾಣದ ಹಾಗೆ ನನ್ನ ಧೋತರದ ತುದಿ ಹಿಡಿದುಕೋ. ಹೇಳಿ ಮುಗಿಸುವ ತನಕ ಬಿಡಬೇಡ. ಆಗಿನ್ನೂ ದೀಕ್ಷೆ ಆಗಿರುವುದಿಲ್ಲ, ಹಿಡಿಯಲು ಅಡ್ಡಿಯಿಲ್ಲ, ಪಂಡಿತರನ್ನು ಕೇಳಿ ಬಂದಿದ್ದೇನೆ.